ಒಂಬತ್ತು ಗಂಟೆಯ ಮೊತ್ತ

ಪರದೆಯ ಮೇಲೆ ಮೈನಸ್ ಒಂದು ಮೂಡಿತು. ನುಹಾದ್ ಲೆಕ್ಕವನ್ನು ಇನ್ನೊಮ್ಮೆ ಮಾಡಿದಳು. ಮತ್ತೆ ಮೈನಸ್ ಒಂದು.

ಕಡಲ ತಡಿಯ ಪಟ್ಟಣ ಸೈದಾದ ಈ ಕಾಲೇಜಿನಲ್ಲಿ ಅವಳು ಹನ್ನೊಂದು ವರ್ಷದಿಂದ ಸಂಖ್ಯಾಶಾಸ್ತ್ರ ಕಲಿಸುತ್ತಿದ್ದಳು. ಜೀವವಿರುವ ಮನುಷ್ಯರ ಅಂಕಿಗಳು ಇಷ್ಟು ಶಿಸ್ತಾಗಿ ಸಾಲುಗಟ್ಟಿದ್ದನ್ನು ಒಮ್ಮೆಯೂ ಕಂಡಿರಲಿಲ್ಲ.

ಮೊದಲ ವರ್ಷದವರಿಗೆ ಕೊಟ್ಟ ಕೆಲಸ ಸುಲಭದ್ದು. ಹದಿನಾಲ್ಕು ರಾತ್ರಿ ಎಷ್ಟೆಷ್ಟು ಗಂಟೆ ನಿದ್ದೆ ಮಾಡಿದಿರಿ, ದಿನಕ್ಕೆಷ್ಟು ಕಾಫಿ, ಬೆಳಗ್ಗೆ ತಿಂದಿರೋ ಇಲ್ಲವೋ, ಎಷ್ಟು ನಡೆದಿರಿ. ಸರಾಸರಿಯನ್ನೂ ಹರಹನ್ನೂ ಅರ್ಥ ಮಾಡಿಕೊಳ್ಳಲು ಅಷ್ಟು ಸಾಕು. ತರಗತಿಯ ಸರಾಸರಿ ನಿದ್ದೆ ಆರು ಗಂಟೆ ಚಿಲ್ಲರೆ. ಅರ್ಧಕ್ಕರ್ಧ ಜನ ಹತ್ತು ಗಂಟೆಯ ಮನಕೀಶ್‌ ರೊಟ್ಟಿಯ ಹೊರತು ಬೇರೆ ತಿಂಡಿ ಕಂಡವರಲ್ಲ. ಎಲ್ಲ ಎಂದಿನಂತೆಯೇ ಇತ್ತು, ಆ ಇಬ್ಬರು ಅಕ್ಕತಂಗಿಯರ ಹಾಳೆಗಳನ್ನು ಬಿಟ್ಟು.

ವಿಸಾಲ್ ಅಕ್ಕ, ರಿಹಾಮ್ ತಂಗಿ. ಒಂದೇ ತರಗತಿ, ಒಂದೇ ಬೆಂಚು. ಅಕ್ಕ ಐದು ಗಂಟೆ ಮಲಗಿದ ರಾತ್ರಿ ತಂಗಿಯದು ನಾಲ್ಕು. ಅಕ್ಕನದು ಮೂರಾದರೆ ತಂಗಿಯದು ಆರು. ಹದಿನಾಲ್ಕು ರಾತ್ರಿಯೂ ಇಬ್ಬರ ಮೊತ್ತ ಒಂಬತ್ತು. ಅರ್ಧ ಗಂಟೆಯ ವ್ಯತ್ಯಾಸವೂ ಇಲ್ಲ. ಒಬ್ಬಳದು ಏರಿದಷ್ಟೇ ಇನ್ನೊಬ್ಬಳದು ಇಳಿಯುತ್ತಿತ್ತು; ಪರದೆಯ ಮೈನಸ್ ಒಂದು ಹೇಳುತ್ತಿದ್ದುದು ಅದನ್ನೇ.

ಹೋದ ವರ್ಷ ಅರ್ಧ ತರಗತಿ ಕಡಲ ದಂಡೆಯ ಕೆಫೆಯಲ್ಲಿ ಕುಳಿತು ಅಂಕಿಗಳನ್ನು ಹೆಣೆದಿತ್ತು. ಸಿಕ್ಕಿಬಿದ್ದವರೆಲ್ಲ ಒಂದೊಂದು ಕಣ್ಣೀರಿನ ಕಥೆ ಹೇಳಿದ್ದರು. ನುಹಾದ್ ನಂಬಿದ್ದಳು, ಆಮೇಲೆ ಎಲ್ಲರ ಮುಂದೆ ನಗೆಪಾಟಲಾಗಿದ್ದಳು. ಈ ಸಲ ಹಾಳೆಯಲ್ಲಿ ಕಾರಣ ಬರೆಯಲು ಜಾಗವನ್ನೇ ಇಟ್ಟಿರಲಿಲ್ಲ.

ಇಬ್ಬರನ್ನೂ ಕೋಣೆಗೆ ಕರೆಸಿದಳು. ಅಂಕಿ ಕಟ್ಟಿದ್ದು ಸಾಬೀತಾದರೆ ವಿಷಯ ಶಿಸ್ತು ಸಮಿತಿಗೆ ಹೋಗುತ್ತದೆ, ಸಮಿತಿ ಹೆಸರು ತೆಗೆದರೆ ಮತ್ತೆ ಸೀಟು ಸಿಗುವುದಿಲ್ಲ ಎಂದು ತಿಳಿಸಿ ಹೇಳಿದಳು. ರಿಹಾಮ್ ಅಕ್ಕನ ತೋಳು ಹಿಡಿದುಕೊಂಡಳು.

"ಇದು ನಿಜವಾಗಿ ಮಲಗಿದ ಲೆಕ್ಕಾನಾ?" ನುಹಾದ್ ಕೇಳಿದಳು.

"ಹೌದು ದಕ್ತೂರಾ," ಎಂದಳು ವಿಸಾಲ್, ಅಧ್ಯಾಪಕಿಯರನ್ನು ಎಲ್ಲರೂ ಕರೆಯುವ ಹಾಗೆ.

"ಮತ್ತೆ ದಿನಾ ಒಂಬತ್ತೇ ಹೇಗೆ ಬರತ್ತೆ?"

"ನಮ್ಮನೇಲಿ ಇರೋ ನಿದ್ದೆನೇ ಅಷ್ಟು. ಹಂಚ್ಕೋತೀವಿ. ಯಾಕಂದ್ರೆ ಮನೇಲಿ..."

ನುಹಾದ್ ಕೈ ಎತ್ತಿ ತಡೆದಳು. "ಕಾರಣ ಬೇಡ. ಕಾರಣ ಎಲ್ಲರ ಹತ್ರಾನೂ ಇರತ್ತೆ. ಇನ್ನೊಂದು ಹದಿನಾಲ್ಕು ರಾತ್ರಿ ಬರ್ಕೊಂಡು ಬನ್ನಿ."

ವಿಸಾಲ್ ಹೊಸ ಹಾಳೆಗಳನ್ನು ತೆಗೆದುಕೊಂಡು ತಂಗಿಯೊಡನೆ ಹೊರಟಳು. ಆ ಕಾರಣವನ್ನು ಮತ್ತೆ ಎತ್ತಲಿಲ್ಲ.

ಸುದ್ದಿ ತರಗತಿಗೆ ಹಬ್ಬಿತು. ಹಿಂದಿನ ಸಾಲಿನ ಮುಂಝಿರ್ ಇಬ್ಬರಿಗೂ ಸೇರಿ ಒಂದೇ ದಿಂಬಿರಬೇಕು ಎಂದ. ಹುಡುಗಿಯರೂ ನಕ್ಕರು. ಅಷ್ಟರಲ್ಲಿ ಕರೆಂಟು ಹೋಯಿತು, ಎಂದಿನಂತೆ ಗೊಣಗಾಟ ಎದ್ದಿತು. ಅಕ್ಕತಂಗಿಯರು ಮಾತ್ರ ಗೊಣಗಲಿಲ್ಲ. ರಿಹಾಮ್ ಆಗಲೇ ಬೆಂಚಿನ ಕೆಳಗೆ ಯಾರಿಗೋ ಫೋನು ಹಚ್ಚುತ್ತಿದ್ದಳು. ನುಹಾದ್ ಫೋನು ಕಿತ್ತುಕೊಂಡು ಮೇಜಿನ ಮೇಲಿಟ್ಟಳು.

ಎರಡನೆಯ ವಾರದ ಬುಧವಾರ ನುಹಾದ್ ಬೆಂಚುಗಳ ನಡುವೆ ನಡೆದು ಬಂದು ಇಬ್ಬರ ಹಾಳೆಗಳ ಮೇಲೆ ಬಾಗಿದಳು. ಒಂಬತ್ತು ರಾತ್ರಿ ಮುಗಿದಿದ್ದವು. ಮೊತ್ತ ಅದೇ ಒಂಬತ್ತು. ಸೋಮವಾರಕ್ಕೂ ಹೀಗೇ ಇದ್ದರೆ ಕಡತ ಸಮಿತಿಗೆ ಹೋಗುವುದು ಖಂಡಿತ ಎಂದಳು.

ಅವಳು ಬೆನ್ನು ತಿರುಗಿಸಿದ್ದೇ ರಿಹಾಮ್ ಪಿಸುಗುಟ್ಟಿದ್ದು ಕೇಳಿಸಿತು. "ಒಂದು ದಿನ ಹತ್ತು ಅಂತ ಬರೆದ್ಬಿಡೋಣ ಕಣೇ."

"ಸುಳ್ಳು ಬರೆಯಲ್ಲ ನಾನು," ಎಂದಳು ವಿಸಾಲ್.

ನುಹಾದ್ ತಿರುಗಿದಳು. "ಹತ್ತು ಬರೀಬೇಡಿ. ಹತ್ತು ಮಲಗಿ."

ತರಗತಿ ನಕ್ಕಿತು. ವಿಸಾಲ್ ಅವಳನ್ನೇ ನೋಡುತ್ತ ಕುಳಿತಳು, ಲೆಕ್ಕ ಬಿಡಿಸಲಾಗದವರು ಹಲಗೆಯನ್ನು ನೋಡುವ ಹಾಗೆ.

ಗುರುವಾರ, ಶುಕ್ರವಾರ ಇಬ್ಬರೂ ಬರಲಿಲ್ಲ. ಹೆದರಿ ಓಡಿದರು ಎಂದುಕೊಂಡಳು ನುಹಾದ್. ಸಮಿತಿಗೆ ಕೊಡುವ ಪತ್ರವನ್ನು ಬರೆದಿಟ್ಟಳು.

ಸೋಮವಾರ ವಿಸಾಲ್ ಒಬ್ಬಳೇ ಬಂದಳು. ಎರಡು ಹಾಳೆ ಮೇಜಿನ ಮೇಲಿಟ್ಟಳು, ಮೇಲೊಂದು ಮಡಿಸಿದ ಕಾಗದ.

ನುಹಾದ್ ಕಾಗದವನ್ನು ಬದಿಗೆ ಸರಿಸಿ ಹಾಳೆಗಳನ್ನು ಎಳೆದುಕೊಂಡಳು. ಬುಧವಾರದ ರಾತ್ರಿ ಐದು ಮತ್ತು ಐದು. ಹತ್ತು! ಗುರುವಾರ ಎರಡು ಮತ್ತು ಒಂದು. ಶುಕ್ರವಾರ ನಾಲ್ಕು ಮತ್ತು ಏಳು. ಆಮೇಲೆ ಎಂಟು ಮತ್ತು ಆರೂವರೆ, ಒಂಬತ್ತು ಮತ್ತು ಹನ್ನೊಂದು. ಅಂಕಿಗಳಿಗೆ ಕೊನೆಗೂ ಜೀವ ಬಂದಿತ್ತು. ಅವಳಿಗೆ ಹಗುರೆನಿಸಿತು. ಹಸಿರು ಪೆನ್ನಿನಿಂದ ಬುಧವಾರದ ಸಾಲಿಗೆ ಸುತ್ತು ಹಾಕಿ ಪಕ್ಕದಲ್ಲಿ ಬರೆದಳು: ಇಲ್ಲಿಂದ ಸರಿಯಾಗಿದೆ.

"ನೋಡಿದ್ಯಾ, ಎಷ್ಟು ಸುಲಭ ಇತ್ತು. ತಂಗಿ ಎಲ್ಲಿ?"

"ಮಲಗಿದಾಳೆ ದಕ್ತೂರಾ."

"ಮಲಗಲಿ ಬಿಡು. ಸಮಿತಿಗೆ ಏನೂ ಕಳಿಸಲ್ಲ."

"ಸುಳ್ಳು ಬರೆದಿಲ್ಲ ನಾವು," ಎಂದಳು ವಿಸಾಲ್. "ನೀವು ಹೇಳಿದ ಹಾಗೇ ಮಾಡಿದ್ವಿ. ಒಂದೇ ಒಂದು ಗಂಟೆ."

ಎರಡು ದಿನದ ಗೈರುಹಾಜರಿಗೆ ಕಾಗದ ತಂದಿದ್ದೇನೆ, ಅದಕ್ಕೊಂದು ಸಹಿ ಬೇಕು ಎಂದು ಹೇಳಿ ಅವಳು ಬಾಗಿಲ ಬಳಿ ನಿಂತಳು. ನುಹಾದ್ ಪೆನ್ನಿನ ಮುಚ್ಚಳ ತೆಗೆದು ಕಾಗದ ಬಿಡಿಸಿದಳು. ಅವರ ಬಡಾವಣೆಯ ಜನನ ಮರಣ ಬರೆದುಕೊಳ್ಳುವ ಮುಖ್ತಾರರ ಮೊಹರಿತ್ತು. ಕೈಬರಹ ದುಂಡಗಿತ್ತು, ಅವಸರವಿರಲಿಲ್ಲ.

ತಾಯಿ ಒಂದೂವರೆ ವರ್ಷದಿಂದ ಆಮ್ಲಜನಕದ ಯಂತ್ರದ ಆಸರೆಯಲ್ಲಿದ್ದರು. ಕರೆಂಟು ಹೋದೊಡನೆ ಸಿಲಿಂಡರಿನ ಕೀಲಿ ತಿರುಗಿಸಲು ರಾತ್ರಿ ಒಂಬತ್ತರಿಂದ ಬೆಳಗಿನ ಆರರವರೆಗೆ ಇಬ್ಬರು ಹೆಣ್ಣುಮಕ್ಕಳಲ್ಲಿ ಒಬ್ಬಳು ಸದಾ ಎಚ್ಚರವಿರುತ್ತಿದ್ದಳು. ಬುಧವಾರ ರಾತ್ರಿ ಒಂದು ಗಂಟೆ ಹೊತ್ತು ಯಾರೂ ಎಚ್ಚರವಿರಲಿಲ್ಲ.