ಯಾವ ಕಾಲೇಜಿಗೆ ಸೇರಿಸೋಣ

“ತಿರುವಿನಲ್ಲಿ ಮೆಟ್ಟಿಲು ಕಿರಿದು, ನೋಡ್ಕೊಂಡು ಹತ್ತು,” ಎಂದು ಹೆಂಡತಿಗೆ ಹೇಳಿದ್ದೊಂದೇ ಅಪ್ಪ ಅವತ್ತು ಆಡಿದ ಒಳ್ಳೆಯ ಮಾತು. ಪ್ರಯೋಗಾಲಯದ ಬಾಗಿಲಿಗೆ ಬರುತ್ತಲೇ ಅವನ ಮುಖ ಗಂಟಿಕ್ಕಿತು.

“ಈ ಕಾಲೇಜು ಬೇಡ.”

“ಒಳಗೆ ಕಾಲಿಡದೇನೇ?” ಅಮ್ಮ ಕಣ್ಣು ಬಿಟ್ಟಳು.

ಮಗಳು ಆಗಲೇ ಒಳಗಿದ್ದಳು. ಜೀವಶಾಸ್ತ್ರ ಓದುವ ಹುಚ್ಚು ಅವಳಿಗೆ ಚಿಕ್ಕಂದಿನಿಂದ. ಸತ್ತ ಜೇಡವನ್ನೂ ಬೆಂಕಿಪೊಟ್ಟಣದಲ್ಲಿ ಎತ್ತಿಡುವವಳು. ಇಲ್ಲಿ ನೋಡಿದರೆ ಮೇಜಿನುದ್ದಕ್ಕೂ ಹೊಸ ಸೂಕ್ಷ್ಮದರ್ಶಕಗಳು. ಮೂಲೆಯಲ್ಲಿ ಆಳೆತ್ತರದ ಅಸ್ಥಿಪಂಜರ ಹಲ್ಲು ಕಿರಿದು ನಿಂತಿತ್ತು. ಅವಳು ಅದರ ಕೈ ಕುಲುಕಿದಳು.

“ಪಾಪ, ಕಿರುಬೆರಳು ಮುರ್ಕೊಂಡಿದೆ ಅಮ್ಮಾ. ಯಾರೋ ತಂತಿ ಸುತ್ತಿದಾರೆ.”

ಅಪ್ಪ ಕಿಟಕಿಯ ಕಡೆ ತಿರುಗಿಕೊಂಡ. ಬಾಗಿಲಲ್ಲಿದ್ದ ಜವಾನ ಅವನನ್ನು ಕಂಡು ನಗಲು ಹೊರಟವನು, ಯಾಕೋ ನಗು ನುಂಗಿಕೊಂಡ.

ಮುಂದಿನ ವಾರ ಎರಡನೆಯ ಕಾಲೇಜು. ಅಲ್ಲೂ ಎಲ್ಲ ಥಳಥಳ. ಅಲ್ಲಿನ ಅಸ್ಥಿಪಂಜರಕ್ಕೆ ಗಾಜಿನ ಬೀರು, ಕೈಗೆ ಬಿಳಿ ಕೈಗವಸು ಬೇರೆ.

“ಧೂಳು ಕೂರಬಾರದು ನೋಡಿ,” ಎಂದರು ಪ್ರಿನ್ಸಿಪಾಲರು.

“ಇದಂತೂ ಬೇಡವೇ ಬೇಡ,” ಎಂದ ಅಪ್ಪ.

ಹಿಂದಿರುಗುವಾಗ ದಾರಿಯುದ್ದಕ್ಕೂ ಅಮ್ಮನ ಬಾಯಿಗೆ ಬಿಡುವಿರಲಿಲ್ಲ. “ಮಗಳು ಓದೋದೇ ನಿಮಗೆ ಬೇಡ ಅಂದ್ಬಿಡಿ, ಮುಗೀತು. ಟೆಂಪೋದಲ್ಲಿ ಸಾಮಾನು ಸಾಗಿಸೋರಿಗೆ ಲ್ಯಾಬಿನ ವಿಷಯ ಏನು ಗೊತ್ತು?”

“ಅದೂ ಸರಿಯೇ,” ಎಂದ ಅಪ್ಪ.

ಮಗಳು ಇಬ್ಬರನ್ನೂ ಹಿಂದೆ ಬಿಟ್ಟು ಬಿರಬಿರನೆ ನಡೆದಳು. ಹೆಂಡತಿಯ ಮಾತಿಗಿಂತ ಅದೇ ಅವನಿಗೆ ಹೆಚ್ಚು ಚುಚ್ಚಿತು. ಅರ್ಜಿ ಹಾಕುವ ದಿನ ಹತ್ತಿರ ಬಂದಿತ್ತು. ಈಗ ತಪ್ಪಿದರೆ ಅವಳಿಗೆ ವರ್ಷವೇ ಹೋದ ಹಾಗೆ.

ಮೂರನೆಯ ಕಾಲೇಜಿನ ಗೋಡೆ ಸುಣ್ಣ ಕಂಡು ಯಾವ ಕಾಲವಾಗಿತ್ತೋ. ಸೂಕ್ಷ್ಮದರ್ಶಕ ಒಂದೇ, ಅದರ ಮುಂದೆ ವಿದ್ಯಾರ್ಥಿಗಳ ಸಾಲು. ಅಸ್ಥಿಪಂಜರವಿಲ್ಲ, ಅಂಚು ಹರಿದ ಅದರ ಚಿತ್ರಪಟವೊಂದು ಮೊಳೆಗೆ ತೂಗುತ್ತಿತ್ತು. ಪಾಠ ಹೇಳುವ ಮೇಡಂ ಕೈಗೆ ಅಂಟಿದ್ದ ಬಣ್ಣ ಒರೆಸಿಕೊಳ್ಳುತ್ತ ಹೊರಗೆ ಬಂದರು.

“ನಮ್ಮಲ್ಲಿರೋದು ಇಷ್ಟೇ ಕಣಮ್ಮಾ. ಸರದಿ ಕಾಯ್ಬೇಕಾಗುತ್ತೆ.”

“ಇಲ್ಲೇ ಸೇರಿಸೋಣ,” ಎಂದ ಅಪ್ಪ.

ಅಮ್ಮ ಹಣೆ ಚಚ್ಚಿಕೊಂಡಳು. ಮಗಳ ಕಣ್ಣು ತುಂಬಿ ಬಂತು. “ಯಾಕಪ್ಪಾ? ಇಲ್ಲೇನಿದೆ?”

“ಇರೋದು ನಾಳೆನೂ ಇರುತ್ತೆ ಕಣಮ್ಮಾ,” ಎಂದ. ಅದರ ತಲೆಬುಡ ಅವಳಿಗೆ ತಿಳಿಯಲಿಲ್ಲ. ಅಪ್ಪನ ಮುಖ ನೋಡಿ, ಅತ್ತುಕೊಂಡೇ ಅರ್ಜಿಗೆ ಸಹಿ ಹಾಕಿದಳು.

ಮರುದಿನ ಬೆಳಿಗ್ಗೆ ಅಪ್ಪ ಎರಡನೆಯ ಕಾಲೇಜಿನ ಹಿಂಬಾಗಿಲಿಗೆ ಟೆಂಪೋ ತಂದು ನಿಲ್ಲಿಸಿದ. ಅಲ್ಲಿ ತಾಯಿತಂದೆಯರು ನೋಡಲು ಬರುವ ದಿನಗಳು ಮುಗಿದಿದ್ದವು. ಮನೆಯಲ್ಲೂ ಬಾಯಿ ಬಿಡಕೂಡದೆಂಬ ಕರಾರಿನ ಮೇಲೆ ತಾನೇ ತಂದಿಳಿಸಿದ್ದ ಬಾಡಿಗೆಯ ಸೂಕ್ಷ್ಮದರ್ಶಕಗಳನ್ನೆಲ್ಲ ಮೊದಲಿನ ಹಾಗೆಯೇ ಗೋಣಿಯಲ್ಲಿ ಸುತ್ತಿ ಏರಿಸಿದ. ಕೊನೆಗೆ ಅಸ್ಥಿಪಂಜರವನ್ನು ತಬ್ಬಿ ತಂದು ಪಕ್ಕದ ಸೀಟಿನಲ್ಲಿ ಕೂರಿಸಿ, ಕೈಗವಸು ಕಳಚಿ, ಕಿರುಬೆರಳಿಗೆ ತಾನೇ ಸುತ್ತಿದ್ದ ತಂತಿಯನ್ನು ಇನ್ನೊಂದು ಸುತ್ತು ಬಿಗಿ ಮಾಡಿದ.

“ನಡಿಯಪ್ಪಾ,” ಎಂದ, “ನಿನ್ನನ್ನೂ ಇನ್ನೊಂದು ಕಾಲೇಜಿಗೆ ಸೇರಿಸಿ ಬರ್ತೀನಿ.”