ತೆರಿಗೆ ಇಲ್ಲದ ಸನ್ಮಾನ

“ಇವತ್ತಿಂದ ಜಿಎಸ್‌ಟಿ ಬೀಳೋ ಒಂದು ಸಾಮಾನೂ ಈ ಮನೆಗೆ ಬರಕೂಡದು!” ಎಂದು ಸಿದ್ದಯ್ಯ ಊಟದ ತಟ್ಟೆಯ ಮುಂದೆ ಘೋಷಿಸಿದ. “ಜನರ ಕೆಲ್ಸ ಕಿತ್ಕೊಳ್ಳೋ ಸರ್ಕಾರಕ್ಕೆ ನಾವ್ಯಾಕೆ ತೆರಿಗೆ ಕಟ್ಬೇಕು, ಮಾರಾಯ್ತಿ?”

ಹೆಂಡತಿ ವಿಮಲಮ್ಮ ಸೌಟು ಹಿಡಿದುಕೊಂಡೇ ಕೇಳಿದಳು. “ಯಾರ ಕೆಲ್ಸ ಹೋಯ್ತು?”

“ಕಾರ್ಖಾನೇಲಿ ಒಂದಷ್ಟು ಗುತ್ತಿಗೆಯವ್ರದ್ದು. ಪಾಪ, ಸಂಸಾರಸ್ಥರು.”

ಆ ಪಾಪದವರಲ್ಲಿ ತಾನೂ ಒಬ್ಬ ಎಂಬ ಮಾತನ್ನು ಸಿದ್ದಯ್ಯ ಸಾರನ್ನದ ಜೊತೆ ನುಂಗಿಕೊಂಡ. ಭದ್ರಾವತಿಯ ಸರ್ಕಾರಿ ಕಾರ್ಖಾನೆಯ ಫರ್ನೇಸಿನ ಮುಂದೆ ವರ್ಷಗಟ್ಟಲೆ ಬೆಂದವನಿಗೆ ಅಂದು ಬೆಳಿಗ್ಗೆ ಗೇಟಿನಲ್ಲೇ, ಇನ್ನು ಬರುವುದು ಬೇಡ ಎಂದಿದ್ದರು. ಕೆಲಸ ಹೋಯಿತೆಂದು ಹೆಂಡತಿಗೆ ಹೇಳುವುದಕ್ಕಿಂತ ಸರ್ಕಾರದ ಮೇಲೆ ಯುದ್ಧ ಸಾರುವುದೇ ಸಲೀಸಾಗಿ ಕಂಡಿತು. ಖರ್ಚೂ ಇಳಿಯುತ್ತದೆ, ಮಾನವೂ ಉಳಿಯುತ್ತದೆ. ಮರುದಿನದಿಂದ ಎಂದಿನ ಹೊತ್ತಿಗೇ ಮನೆಯಿದ್ದ ಗೋಪಾಳ ಬಡಾವಣೆಯಲ್ಲಿ ಬಸ್ಸು ಹತ್ತುವುದು, ಭದ್ರಾವತಿಯ ನ್ಯೂ ಟೌನಿನಲ್ಲಿ ಗುರುತಿನವರನ್ನು ಕಂಡು ಕೆಲಸ ಕೇಳುವುದು, ಯಾರೂ ಕೊಡದಿದ್ದಾಗ ಮರದ ಕೆಳಗೆ ಕೂತು ಸಂಜೆ ಮಾಡುವುದು.

ಹೋರಾಟವೇನೋ ತಿಂಗಳಿಡೀ ಜೋರಾಗಿಯೇ ನಡೆಯಿತು. ಬಿಸ್ಕತ್ತು, ಟೂತ್‌ಪೇಸ್ಟು, ಟೀವಿ ರೀಚಾರ್ಜು ಎಲ್ಲ ನಿಂತವು. ಎಡವಟ್ಟಾದದ್ದು ಅವರ ವಠಾರದಲ್ಲೇ ಇದ್ದ ಬಸವರಾಜೇಶ್ವರಿಯಿಂದ. ಅಕ್ಕನ ಬಳಗದ ಅಧ್ಯಕ್ಷೆಯಾದ ಆಕೆ ಒಂದು ಬೆಳಿಗ್ಗೆ ಸಿದ್ದಯ್ಯ ಇದ್ದಿಲಲ್ಲಿ ಹಲ್ಲುಜ್ಜುವುದನ್ನು ಕಂಡು, ಏನಿದು ಅವತಾರ ಎಂದು ಕೇಳಿದಳು. ಇವನು ಸುಮ್ಮನಿರಬೇಕಿತ್ತು. ಇರಲಿಲ್ಲ. ಕಾರ್ಮಿಕರು, ತ್ಯಾಗ, ಆರ್ಥಿಕ ಪ್ರತಿಭಟನೆ ಎಂದು ಬಾಯಲ್ಲಿ ಕಪ್ಪು ನೊರೆ ಇಟ್ಟುಕೊಂಡೇ ಭಾಷಣ ಬಿಗಿದ. ಭಾನುವಾರ ಬಳಗದ ಹೆಂಗಸರೆಲ್ಲ ಸನ್ಮಾನ ಮಾಡಲು ಅವನ ಪಡಸಾಲೆಯಲ್ಲೇ ಬಂದು ಕೂತರು.

“ಶಾಲಿಗೂ ಜಿಎಸ್‌ಟಿ ಇದೆಯಂತೆ, ಅದಕ್ಕೇ ತರ್ಲಿಲ್ಲ,” ಎಂದು ಬಸವರಾಜೇಶ್ವರಿ ಅವನ ಕೊರಳಿಗೆ ಸೇವಂತಿಗೆ ಹಾರ ಹಾಕಿ, ಒಂದು ಚಿಪ್ಪು ಬಾಳೆಹಣ್ಣು ಕೈಗಿಟ್ಟಳು. “ನಾವೂ ನಿಮ್ಮ ಜೊತೆಗಿದೀವಿ ಅಣ್ಣ. ಗಾಜಿನ ಬಳೆಗೆ ತೆರಿಗೆ ಇಲ್ವಂತೆ, ಎಲ್ರೂ ದುರ್ಗಿಗುಡಿ ಪೇಟೆಗೆ ಹೋಗಿ ಎರಡೆರಡು ಡಜನ್ ತೊಡಿಸ್ಕೊಂಡ್ವಿ!” ಆಮೇಲೆ ಗಂಟಲು ಸರಿಮಾಡಿಕೊಂಡು, “ತನ್ನ ಕೆಲ್ಸ ಭದ್ರವಾಗಿದ್ರೂ ಬೇರೆಯೋರ ಕೆಲ್ಸ ಹೋಯ್ತಲ್ಲಾ ಅಂತ ಬಾಯಿ ಕಟ್ಟೋರು ಈ ಕಾಲದಲ್ಲಿ ಯಾರಿದಾರೆ?” ಎಂದಳು.

ಸಿದ್ದಯ್ಯನಿಗೆ ಹಾರದೊಳಗೆ ಬೆವರಿತು. ವಿಮಲಮ್ಮ ಬಾಗಿಲಿಗೆ ಒರಗಿ ನಿಂತು ಅವನನ್ನೇ ನೋಡುತ್ತಿದ್ದಳು.

“ಅಲ್ಲಣ್ಣ, ನಾಳೆ ನಿಮ್ಮನ್ನೂ ತೆಗೆದ್ರೆ?” ಎಂದಿತು ಮೂಲೆಯಿಂದ ಒಂದು ದನಿ.

“ನನ್ನನ್ನಾ? ನಾನಿಲ್ದಿದ್ರೆ ಆ ಫರ್ನೇಸು ಹತ್ಕೊಳ್ಳೋದೇ ಇಲ್ಲ!”

ಬಳೆ ತುಂಬಿದ ಕೈಗಳೆಲ್ಲ ಘಲಘಲ ಎಂದು ಚಪ್ಪಾಳೆ ತಟ್ಟಿದವು. ಸಿದ್ದಯ್ಯನಿಗೆ ಅಳುವೇ ಬಂತು. ಆನಂದಬಾಷ್ಪ ಎಂದುಕೊಂಡು ಹೆಂಗಸರು ಮತ್ತೊಮ್ಮೆ ತಟ್ಟಿದರು.

ಎಲ್ಲರೂ ಹೋದ ಮೇಲೆ ವಿಮಲಮ್ಮ ಬಾಗಿಲು ಹಾಕಿ ಬಂದು, ಅವನ ಕೊರಳಿನ ಹಾರ ಮೆಲ್ಲಗೆ ತೆಗೆದಳು.

“ರೀ, ನಾಳೆ ಸಂಜೆ ಮನೆಗೆ ಬರೋವಾಗ ಅಂಗಿಗೆ ಒಂಚೂರು ಮಸಿ ಬಳ್ಕೊಂಡು ಬನ್ನಿ.”

“ಮಸಿನಾ? ಯಾಕೆ?”

“ನಿಮ್ಮ ಅಂಗಿ ಒಗೆದ್ರೆ ಕಪ್ಪು ನೀರು ಬರೋದು ನಿಂತು ತಿಂಗಳಾಯ್ತು,” ಎಂದಳು ವಿಮಲಮ್ಮ. “ನಾನೇನೋ ಸುಮ್ನಿರ್ತೀನಿ. ಆದ್ರೆ ವಠಾರದಲ್ಲಿ ಬಟ್ಟೆ ಒಗೆಯೋ ಕಲ್ಲು ಬಸವರಾಜೇಶ್ವರಿಗೂ ನಮ್ಗೂ ಒಂದೇ.”