ಗಂಗಜ್ಜಿಯ ಮಾಟ

ಪಾಕಕ್ಕಿಟ್ಟ ಬೆಲ್ಲದ ವಾಸನೆ ಬಂದರೆ ನನಗೆ ಈಗಲೂ ಗಂಗಜ್ಜಿಯ ನೆನಪಾಗುತ್ತದೆ.

ತಾಳಗುಂದದ ಹತ್ತಿರದ ನಮ್ಮೂರಿನಲ್ಲಿ ಎಲ್ಲರೂ ಆಕೆಯನ್ನು ಮಾಟಗಾತಿ ಎನ್ನುತ್ತಿದ್ದರು. ಗಂಡ ಸತ್ತ ಮೇಲೆ ಒಬ್ಬಳೇ ಇದ್ದಳು, ತನ್ನಷ್ಟಕ್ಕೆ ಮಾತಾಡಿಕೊಳ್ಳುತ್ತಿದ್ದಳು. ಊರಿಗೆ ಅಷ್ಟು ಸಾಕಾಗಿತ್ತು. ಒಂದು ಮಧ್ಯಾಹ್ನ ನಮ್ಮ ಕುರಿ ಆಗಷ್ಟೇ ಈದ ಮರಿಯನ್ನು ಹತ್ತಿರ ಸೇರಿಸದೆ ತಲೆಯಿಂದ ದೂಡುತ್ತಿತ್ತು. ಹಾಲಿಲ್ಲದೆ ಮರಿ ನಡುಗುತ್ತಿತ್ತು. "ಇದು ಅವಳ್ದೇ ಕಣ್ಣು," ಎಂದು ನಮ್ಮಜ್ಜಿ ಗೊಣಗಿದಳು. ಕಣ್ಣು ಹಾಕಿದವಳೇ ತೆಗೆಯಲಿ ಎಂದು ನಾನು ಗಂಗಜ್ಜಿಯ ಅಂಗಳಕ್ಕೆ ಓಡಿದೆ.

"ನಿನ್ನ ಮಾಟ ತೆಗಿ ಗಂಗಜ್ಜಿ, ನಮ್ಮ ಕುರಿಮರಿ ಸಾಯ್ತದೆ," ಎಂದೆ ಅಳುತ್ತಾ.

ಆಕೆ ನನ್ನನ್ನೇ ನೋಡಿದಳು. ಬೈಯಲಿಲ್ಲ. ಬಿಸಿನೀರಿನಲ್ಲಿ ಬೆಲ್ಲ ಕರಗಿಸಿಕೊಂಡು ನನ್ನ ಜೊತೆ ನಮ್ಮ ಹಟ್ಟಿಗೆ ಬಂದಳು. ಮರಿಯ ಮೆತ್ತನೆಯ ಉಣ್ಣೆಗೆ ಅದನ್ನು ಸವರುವಾಗ ಆಕೆಯ ತುಟಿ ಅಲ್ಲಾಡುತ್ತಿತ್ತು. ಕುರಿ ಮೂಸಿತು, ಒಮ್ಮೆ ನೆಕ್ಕಿತು, ಆಮೇಲೆ ನೆಕ್ಕುತ್ತಲೇ ನಿಂತಿತು. ಮರಿ ಕೆಚ್ಚಲಿಗೆ ಬಾಯಿ ಹಾಕಿ ಬಾಲ ಕುಣಿಸಿತು. ನಾನೂ ಕುಣಿದೆ.

"ಯಾವ ಮಂತ್ರ ಹೇಳ್ದೆ ಅಜ್ಜಿ?"

"ಎಂಥಾ ಮಂತ್ರನೇ? ನೆಕ್ಕೇ ತಾಯಿ, ನೆಕ್ಕೇ ಅಂದೆ, ಅಷ್ಟೆ."

ಬಾಗಿಲಲ್ಲಿ ನಿಂತಿದ್ದ ನಮ್ಮಜ್ಜಿಗೆ ನಗು ತಡೆಯಲಾಗಲಿಲ್ಲ. ಗಂಗಜ್ಜಿಯೂ ನಕ್ಕಳು, ಆಕೆ ನಕ್ಕಿದ್ದನ್ನು ನಾನು ಕಂಡದ್ದು ಅದೇ ಮೊದಲು. ಆಕೆ ಹೊರಟಾಗ ನಮ್ಮಜ್ಜಿ ಸೆರಗಿನಿಂದ ಜಗಲಿ ಒರೆಸಿ, "ಕುಂತ್ಕಳೇ ಗಂಗಿ, ಉಂಡ್ಕಂಡು ಹೋಗು," ಎಂದಳು.